ಸೈಕಲ್ ಟ್ಯಾಕ್ಸಿಯೋ, ಬೈಕೋ, ನೀವೇ ತುಳಿಯುವುದೋ? ಪೂರ್ವ ಆಫ್ರಿಕಾದ ಹಳ್ಳಿ ಸುತ್ತುವವರಿಗೆ

ಕೆನ್ಯಾಗೋ ಉಗಾಂಡಾಗೋ ಹೋಗುವ ನಮ್ಮವರ ಪಟ್ಟಿಯಲ್ಲಿ ಸಫಾರಿ ಜೀಪು ಇರುತ್ತದೆ, ಸಿಂಹ ಇರುತ್ತದೆ, ದುಡ್ಡಿದ್ದರೆ ಗೊರಿಲ್ಲಾನೂ ಇರುತ್ತದೆ. ಊರು, ಹೊಲ, ಸಂತೆ ಇರುವುದಿಲ್ಲ. ಮಧ್ಯೆ ಒಂದು ದಿನ ಖಾಲಿ ಸಿಕ್ಕರೆ ಹೋಟೆಲಿನಲ್ಲೇ ಕಳೆದುಹೋಗುತ್ತದೆ. ಆ ಒಂದು ದಿನವನ್ನು ಹಳ್ಳಿ ದಾರಿಗೆ ಕೊಡಿ ಅನ್ನುವುದು ನನ್ನ ಸಲಹೆ. ಆಗ ಮೊದಲು ಬರುವ ಪ್ರಶ್ನೆ, ಯಾವುದರ ಮೇಲೆ ಹೋಗುವುದು?

ಇರುವ ದಾರಿಗಳು ಮುಖ್ಯವಾಗಿ ಮೂರು. ಸೈಕಲ್ ಟ್ಯಾಕ್ಸಿಯ ಹಿಂದೆ ಕೂರುವುದು, ಮೋಟಾರ್ ಬೈಕ್ ಟ್ಯಾಕ್ಸಿ ಹಿಡಿಯುವುದು, ಬಾಡಿಗೆ ಸೈಕಲ್ ತೆಗೆದುಕೊಂಡು ನೀವೇ ತುಳಿಯುವುದು. ನನ್ನ ಉತ್ತರವನ್ನು ಮೊದಲೇ ಹೇಳಿಬಿಡುತ್ತೇನೆ. ನೆಲ ಮಟ್ಟಸವಾಗಿದ್ದು ಹೋಗಬೇಕಾದ ಜಾಗ ಹತ್ತು ಕಿಲೋಮೀಟರ್ ಒಳಗಿದ್ದರೆ ಸೈಕಲ್ ಟ್ಯಾಕ್ಸಿ. ಗುಡ್ಡ ಬಂತೋ, ಬೈಕು. ಇಡೀ ದಿನ ಸುತ್ತುವ ಆಸೆಯಿದ್ದು ಕಾಲಿನಲ್ಲಿ ಬಲವೂ ಇದ್ದರೆ ಬಾಡಿಗೆ ಸೈಕಲ್. ತುಂಬಾ ಜನ ದರ ನೋಡಿ ಆರಿಸುತ್ತಾರೆ, ಇಲ್ಲವೇ ಫೋಟೊ ಚೆನ್ನಾಗಿ ಬರುತ್ತದೆ ಅಂತ ಆರಿಸುತ್ತಾರೆ. ದಾರಿ ನೋಡಿ ಆರಿಸಿದವರಿಗೆ ಮಾತ್ರ ಸಂಜೆ ಸೊಂಟ ನೋಯುವುದಿಲ್ಲ.

ಕ್ಯಾರಿಯರ್ ಮೇಲಿನ ಸೀಟು

ಸೈಕಲ್ ಟ್ಯಾಕ್ಸಿ ಎಂದ ಕೂಡಲೇ ಕೋಲ್ಕತ್ತಾದ ಸೈಕಲ್ ರಿಕ್ಷಾ ಕಣ್ಣ ಮುಂದೆ ಬಂದರೆ ಅದನ್ನು ಬಿಟ್ಟುಬಿಡಿ. ಇಲ್ಲಿ ಮೂರನೇ ಚಕ್ರವಿಲ್ಲ, ಮೇಲೆ ಸೂರಿಲ್ಲ. ಸಾದಾ ಕಪ್ಪು ಸೈಕಲ್ಲು. ಹಿಂದಿನ ಕ್ಯಾರಿಯರ್ ಮೇಲೆ ಫೋಮ್ ತುಂಬಿದ ದಪ್ಪ ಸೀಟು ಕೂರಿಸಿರುತ್ತಾರೆ. ಹಿಂದಿನ ಚಕ್ರದ ಪಕ್ಕ ಕಾಲಿಡಲು ಕಬ್ಬಿಣದ ತುಂಡು ವೆಲ್ಡ್ ಮಾಡಿಸಿರುತ್ತಾರೆ. ಕೆಲವರು ಹಿಡಿದುಕೊಳ್ಳಲು ಒಂದು ಹಿಡಿಕೆಯನ್ನೂ ಹಾಕಿಸಿರುತ್ತಾರೆ. ಸ್ಕೂಲಿಗೆ ಡಬಲ್ಸ್ ಹೋಗುತ್ತಿದ್ದೆವಲ್ಲ, ಅದೇ ಇದು. ದುಡ್ಡು ಕೊಡಬೇಕು, ಸೀಟು ಮಾತ್ರ ಮೆತ್ತಗಿರುತ್ತದೆ.

ಕೆನ್ಯಾದಲ್ಲಿ ಈ ಸೈಕಲ್ಲಿಗೆ ಬ್ಲ್ಯಾಕ್ ಮಾಂಬಾ ಅನ್ನುತ್ತಾರೆ. ಸುಮಾರು 20 ಕಿಲೋ ತೂಕ. ಗೇರಿಲ್ಲ. ಕೇಬಲ್ ಬದಲು ಕಂಬಿ ಬ್ರೇಕು. ಎಷ್ಟೋ ಸೈಕಲ್ಲುಗಳು ಭಾರತದಿಂದ ಬಂದವೇ. ಚೈನ್ ಕವರ್ ಮೇಲೆ ಲೂಧಿಯಾನದ ಕಂಪನಿಯ ಹೆಸರು ಕಂಡರೆ ಆಶ್ಚರ್ಯ ಬೇಡ.

ಈ ಕಸುಬು ಶುರುವಾಗಿದ್ದು 1960ರ ದಶಕದಲ್ಲಿ, ಕೆನ್ಯಾ–ಉಗಾಂಡಾ ಗಡಿಯ ಬುಸಿಯಾ ಊರಿನಲ್ಲಿ. ಎರಡು ದೇಶಗಳ ಚೆಕ್‌ಪೋಸ್ಟ್ ನಡುವೆ ಬಸ್ಸು ಹೋಗದ ಒಂದು ತುಂಡು ದಾರಿ. ಅಲ್ಲಿ ಜನರನ್ನೂ ಮೂಟೆಯನ್ನೂ ಸೈಕಲ್ ಮೇಲೆ ದಾಟಿಸುತ್ತಿದ್ದರು. ಅವರನ್ನೇ ಬೋಡಾ ಬೋಡಾ ಎಂದು ಕರೆದರು. ಆಮೇಲೆ ಮೋಟಾರ್ ಬೈಕು ಬಂತು, ಹೆಸರು ಅದಕ್ಕೂ ಅಂಟಿಕೊಂಡಿತು. 2008ರಲ್ಲಿ ಕೆನ್ಯಾ ಸರ್ಕಾರ 250 ಸಿಸಿ ಒಳಗಿನ ಬೈಕುಗಳ ಮೇಲಿನ ವ್ಯಾಟ್ ತೆಗೆದುಹಾಕಿದ ಮೇಲಂತೂ ಬೈಕುಗಳ ಸುಗ್ಗಿ. ಆ ಸುಗ್ಗಿಯಲ್ಲಿ ನಮ್ಮ ಪಾಲೂ ಇದೆ. ಬಜಾಜ್ ಬಾಕ್ಸರ್ ಮತ್ತು ಟಿವಿಎಸ್ ಬೈಕುಗಳು ಅಲ್ಲಿ ಎಲ್ಲೆಲ್ಲೂ ಕಾಣುತ್ತವೆ. ಹೊಸೂರು, ಮೈಸೂರಿನಲ್ಲಿ ಕಾರ್ಖಾನೆಯಿರುವ ಕಂಪನಿಯ ಬೈಕನ್ನು ಕೆನ್ಯಾದ ಕಿಸುಮು ಊರಿನ ಹುಡುಗ ಒರೆಸಿ ಹೊಳಪು ಬರಿಸುತ್ತಿರುತ್ತಾನೆ.

ಹಾಗಾಗಿ ಇವತ್ತು ಬರೀ "ಬೋಡಾ" ಅಂದರೆ ಬೈಕೇ ಬಂದು ನಿಲ್ಲುತ್ತದೆ. ಸೈಕಲ್ಲೇ ಬೇಕಿದ್ದರೆ ಸೈಕಲ್ ಅಂತ ಬಿಡಿಸಿ ಹೇಳಬೇಕು. ಸ್ವಾಹಿಲಿಯಲ್ಲಿ ಬೈಸ್ಕೇಲಿ, ರುವಾಂಡಾದಲ್ಲಿ ಇಗಾರೆ. ದೊಡ್ಡ ಊರುಗಳಲ್ಲಿ ಅದನ್ನು ಹುಡುಕಲೂ ಹೋಗಬೇಡಿ. ಅದು ಉಳಿದಿರುವುದು ನೆಲ ಚಪ್ಪಟೆಯಾಗಿರುವ, ಜನ ಸಣ್ಣ ದೂರಕ್ಕೆ ಸಣ್ಣ ದುಡ್ಡು ಕೊಡುವ ಕಡೆ. ಪೂರ್ವ ಉಗಾಂಡಾದ ಟೆಸೊ ಸೀಮೆ, ಬುಸಿಯಾದ ಎರಡೂ ಬದಿ, ಪಶ್ಚಿಮ ಕೆನ್ಯಾದ ಸಂತೆ ಊರುಗಳು, ರುವಾಂಡಾದ ಸಣ್ಣ ಪಟ್ಟಣಗಳು, ಟಾಂಜಾನಿಯಾದ ಶಿನ್ಯಾಂಗಾ ಕಡೆ.

ಮೊದಲು ನೋಡಬೇಕಾದ್ದು ಏರು

ಲೆಕ್ಕ ಹಾಕಿ. ಸೈಕಲ್ಲಿನ ತೂಕ 20 ಕಿಲೋ. ನೀವು 70 ಎಂದಿಟ್ಟುಕೊಳ್ಳಿ. ತುಳಿಯುವವನೂ ಒಬ್ಬ ಮನುಷ್ಯ. ಗೇರಿಲ್ಲದ ಸೈಕಲ್ಲಿನಲ್ಲಿ ಇಷ್ಟು ಭಾರ ಹೊತ್ತು ಸಣ್ಣ ಏರು ಹತ್ತಬಹುದು, ಅಷ್ಟೇ. ಸ್ವಲ್ಪ ಕಡಿದಾಗಿದ್ದರೂ ಸವಾರ ಇಳಿದು ತಳ್ಳುತ್ತಾನೆ. ನೀವೂ ಇಳಿದು ನಡೆಯುತ್ತೀರಿ. ಒಂದೆರಡು ಸಲ ಆದರೆ ಅದೂ ಒಂದು ಮಜಾ. ಇಡೀ ದಾರಿ ಹಾಗಿದ್ದರೆ ನಡೆಯುವುದಕ್ಕೆ ದುಡ್ಡು ಕೊಟ್ಟಂತಾಯಿತು, ಅಲ್ವಾ?

ಏರಿಗಿಂತ ಇಳಿಜಾರು ಕೆಟ್ಟದ್ದು. ಕಂಬಿ ಬ್ರೇಕಿನ ರಬ್ಬರು ಸ್ಟೀಲ್ ರಿಮ್ಮಿಗೆ ಉಜ್ಜಿ ನಿಲ್ಲಿಸಬೇಕು. ಒದ್ದೆ ರಿಮ್ಮಿನ ಮೇಲೆ ಅದು ಹಿಡಿಯುವುದಿಲ್ಲ. ಇಬ್ಬರ ತೂಕ ಬೇರೆ. ಕೆಲವು ಸವಾರರು ಚಪ್ಪಲಿ ಕಾಲನ್ನು ನೆಲಕ್ಕೆ ಒತ್ತಿ ವೇಗ ಇಳಿಸುವುದನ್ನು ನೋಡಬಹುದು. ಅದನ್ನು ಕಂಡ ಕೂಡಲೇ ಇಳಿದುಬಿಡಿ, ಸಂಕೋಚ ಬೇಡ.

ಆದ್ದರಿಂದ ಪೂರ್ವ ಉಗಾಂಡಾದ ಎಲ್ಗನ್ ಬೆಟ್ಟದ ಸಿಪಿ ಜಲಪಾತಕ್ಕೆ ಸೈಕಲ್ ಟ್ಯಾಕ್ಸಿ ಕೇಳಲೇಬೇಡಿ. ಬೆಟ್ಟದ ಬುಡದ ಎಂಬಾಲೆ ಊರಿಗಿಂತ ಸಿಪಿ ಸುಮಾರು 600 ಮೀಟರ್ ಎತ್ತರದಲ್ಲಿದೆ. ಅಲ್ಲಿಗೆ ಕಾರು ಅಥವಾ ಗಟ್ಟಿ ಬೈಕು.

ಎರಡನೆಯದು ರಸ್ತೆ ಎಂಥದ್ದು ಅನ್ನುವುದು. ಇಲ್ಲಿ ಹಲವರು ತಪ್ಪು ತಿಳಿಯುತ್ತಾರೆ. ಟಾರು ರಸ್ತೆ ಒಳ್ಳೆಯದು, ಕೆಮ್ಮಣ್ಣಿನ ದಾರಿ ಕಷ್ಟ ಅಂದುಕೊಳ್ಳುತ್ತಾರೆ. ಸೈಕಲ್ ಟ್ಯಾಕ್ಸಿಗೆ ಇದು ತಿರುಗುಮುರುಗು. ಮೊಂಬಾಸಾ ಬಂದರಿನಿಂದ ನೈರೋಬಿ ದಾಟಿ ಬುಸಿಯಾ, ಮಲಾಬಾ ಗಡಿಗಳ ಮೂಲಕ ಕಂಪಾಲಾಕ್ಕೆ ಹೋಗುವ ಹೆದ್ದಾರಿಯಲ್ಲಿ ಟ್ಯಾಂಕರು, ಕಂಟೇನರ್ ಲಾರಿಗಳ ಸಾಲೇ ಸಾಲು. ಹಿಂದಿನಿಂದ ಹಾರ್ನ್ ಬಿದ್ದರೆ ಸೈಕಲ್ಲಿನವನು ಟಾರಿನಿಂದ ಕೆಳಗೆ ಇಳಿಯಲೇಬೇಕು. ಟಾರಿನ ಅಂಚು ಅರ್ಧ ಅಡಿ ಕೊರೆದುಹೋಗಿದ್ದರೆ ಇಬ್ಬರೂ ಬೀಳುತ್ತೀರಿ. ಮರ್ರಮ್ ಅನ್ನುವ ಕೆಂಪು ಮಣ್ಣಿನ ಒಳದಾರಿಯಲ್ಲಿ ಧೂಳು ಕುಡಿಯಬೇಕು, ಸರಿ. ಆದರೆ ಎದುರಿಗೆ ಬರುವುದು ಎತ್ತು, ಮೇಕೆ, ಜೆರ್ರಿಕ್ಯಾನ್ ಹೊತ್ತ ಮಕ್ಕಳು. ಹೆದ್ದಾರಿಯ ತುಂಡನ್ನು ಜನ ತುಂಬಿಕೊಂಡು ಹೋಗುವ ಮಟಾಟು ವ್ಯಾನಿನಲ್ಲಿ ದಾಟಿ, ಒಳದಾರಿ ಶುರುವಾಗುವ ಕಡೆ ಸೈಕಲ್ ಹತ್ತುವುದು ಜಾಣತನ.

ಬೈಕಿನ ಪರವಾಗಿ, ಬೈಕಿನ ವಿರುದ್ಧ

ಬೈಕು ಬೇಗ ಮುಟ್ಟಿಸುತ್ತದೆ. ತುಂಬಿದ ಸೈಕಲ್ ಗಂಟೆಗೆ ಹತ್ತು ಹನ್ನೆರಡು ಕಿಲೋಮೀಟರ್ ಹೋದರೆ ಹೆಚ್ಚು, ಬೈಕು ಅದರ ಮೂರರಷ್ಟು ಸಲೀಸಾಗಿ ಹೋಗುತ್ತದೆ. ದೂರ ಜಾಸ್ತಿಯಿದ್ದರೆ ಬೇರೆ ಮಾತೇ ಇಲ್ಲ. ಬೈಕಿಲ್ಲದ ಊರೂ ಇಲ್ಲ.

ಆದರೆ ಹಳ್ಳಿ ನೋಡಲು ಹೊರಟವರಿಗೆ ವೇಗವೇ ತೊಂದರೆ. ಬೈಕಿನಲ್ಲಿ ಗಾಳಿ, ಸದ್ದು, ಮುಂದಿನವನ ಬೆನ್ನು, ಇಷ್ಟೇ ಸಿಗುವುದು. ಸೈಕಲ್ಲಿನಲ್ಲಿ ಮಾತಾಡಬಹುದು. ಸವಾರ ದಾರಿಯಲ್ಲಿ ಸಿಕ್ಕವರನ್ನೆಲ್ಲ ಹೆಸರು ಹಿಡಿದು ಮಾತಾಡಿಸುತ್ತಾನೆ. ಅವರು ನಿಮ್ಮನ್ನೂ ಮಾತಾಡಿಸುತ್ತಾರೆ. ಮಕ್ಕಳು ಬಿಳಿಯರನ್ನು ಕಂಡರೆ ಮ್‌ಜುಂಗು ಅಂತ ಕೂಗುತ್ತಾರೆ. ನಿಮ್ಮನ್ನು ಕಂಡು ಮುಹಿಂದಿ ಅಂತ ಕೂಗಬಹುದು. ಅದು ಬೈಗುಳವಲ್ಲ, ಕೈ ಬೀಸಿದರೆ ಸಾಕು.

ಅಪಾಯದ ವಿಷಯದಲ್ಲಿ ಬೈಕು ಜಾಸ್ತಿ ಹೆದರಿಕೆ ಹುಟ್ಟಿಸುತ್ತದೆ, ಅದು ಸರಿಯಾದ ಹೆದರಿಕೆಯೇ. ಬಿದ್ದರೆ ಬೀಳುವ ವೇಗ ಬೇರೆ. ರುವಾಂಡಾದಲ್ಲಿ ಬೈಕಿನವನು ಹಿಂದೆ ಕೂರುವವರಿಗೂ ಹೆಲ್ಮೆಟ್ ಕೊಡುತ್ತಾನೆ, ನಿಯಮ ಬಿಗಿ. ಕೆನ್ಯಾ, ಉಗಾಂಡಾಗಳಲ್ಲಿ ಕಾಯ್ದೆ ಇದ್ದರೂ ಹಳ್ಳಿ ಕಡೆ ಎರಡನೇ ಹೆಲ್ಮೆಟ್ ಸಿಗುವುದು ಅಪರೂಪ. ಕಂಪಾಲಾದಲ್ಲಿ ಹೆಲ್ಮೆಟ್ ಕೊಡುವ ಆ್ಯಪ್ ಬೈಕುಗಳಿವೆ, ಹಳ್ಳಿಗೆ ಅವು ಬರುವುದಿಲ್ಲ. ನಿಮ್ಮದೇ ಹೆಲ್ಮೆಟ್ ಒಯ್ಯಿರಿ. ಸೈಕಲ್ಲಿಗೂ ಅದನ್ನೇ ಹಾಕಿಕೊಳ್ಳಿ. ಯಾರಾದರೂ ನಕ್ಕರೆ ನಗಲಿ.

ಇನ್ನೊಂದು ಸಣ್ಣ ವಿಷಯ, ಆದರೆ ಪ್ರವಾಸ ಕೆಡಿಸುವಂಥದ್ದು. ಬೈಕಿಗೆ ಎಡಗಡೆಯಿಂದ ಹತ್ತಿ, ಎಡಗಡೆಯೇ ಇಳಿಯಿರಿ. ಸೈಲೆನ್ಸರ್ ಬಲಕ್ಕಿರುತ್ತದೆ. ಚಡ್ಡಿ ಹಾಕಿಕೊಂಡು ಬಲಕ್ಕೆ ಇಳಿದವರ ಮೀನಖಂಡದ ಮೇಲೆ ಸುಟ್ಟ ಗುರುತು ಬೀಳುತ್ತದೆ. ಆ ಶೆಕೆಯಲ್ಲಿ ಸುಟ್ಟ ಗಾಯ ಬೇಗ ಮಾಯುವುದೂ ಇಲ್ಲ.

ಸೈಕಲ್ಲಿನ ಅಪಾಯ ಬೇರೆ ರೀತಿಯದು. ಸೆರಗು, ದುಪ್ಪಟ್ಟಾ, ಉದ್ದ ಲಂಗ, ಕ್ಯಾಮೆರಾ ಪಟ್ಟಿ, ಎಲ್ಲವೂ ಕಡ್ಡಿಗಳಿಗೆ ಸಿಕ್ಕಿಕೊಳ್ಳುತ್ತವೆ. ಅಲ್ಲಿನ ಹೆಂಗಸರು ಒಂದೇ ಪಕ್ಕಕ್ಕೆ ಕಾಲು ಹಾಕಿ, ಮಡಿಲಲ್ಲಿ ಮಗು ಇಟ್ಟುಕೊಂಡು, ಏನೂ ಹಿಡಿಯದೆ ಕೂರುತ್ತಾರೆ. ಅದನ್ನು ನೋಡಿ ನೀವು ಹಾಗೆ ಕೂರಲು ಹೋಗಬೇಡಿ. ಪ್ಯಾಂಟ್ ಹಾಕಿಕೊಂಡು ಎರಡೂ ಕಡೆ ಕಾಲು ಬಿಟ್ಟು ಕೂತರೆ ಸವಾರನಿಗೂ ತೂಗಿಸುವುದು ಸುಲಭ.

ನೀವೇ ತುಳಿದರೆ

ಮೂರರಲ್ಲಿ ಜಾಸ್ತಿ ಸ್ವಾತಂತ್ರ್ಯ ಇರುವುದು ಇದರಲ್ಲಿ. ಬೇಕಾದಲ್ಲಿ ನಿಲ್ಲಬಹುದು, ಗೇರಿರುವ ಸೈಕಲ್ ಸಿಕ್ಕರೆ ಸಣ್ಣ ಗುಡ್ಡವೂ ಹತ್ತಬಹುದು. ಆದರೆ ಬಾಡಿಗೆ ಸೈಕಲ್ ಎಲ್ಲ ಕಡೆ ಸಿಗುವುದಿಲ್ಲ. ಪ್ರವಾಸಿಗರು ಬರುವ ಊರುಗಳಲ್ಲಿ ಮಾತ್ರ. ಉಗಾಂಡಾದ ಜಿಂಜಾ, ರುವಾಂಡಾದ ಕಿವು ಸರೋವರದ ದಂಡೆ, ಟಾಂಜಾನಿಯಾದ ಮ್ಟೊ ವಾ ಮ್ಬು. ಅಲ್ಲಿ ಗೈಡ್ ಜೊತೆಗೇ ಸೈಕಲ್ ಕೊಡುತ್ತಾರೆ. ಗೈಡ್ ಬೇಡ ಅನ್ನಬೇಡಿ. ಹೊಲದ ನಡುವಿನ ಕಾಲುದಾರಿ ಯಾರದೋ ಅಂಗಳದಲ್ಲಿ ಮುಗಿಯುತ್ತದೆ. ಅಲ್ಲಿ ಮಾತಾಡಲು ಭಾಷೆ ಬಲ್ಲವರು ಬೇಕು.

ಹೊರಡುವ ಮೊದಲು ಸೀಟಿನ ಎತ್ತರ ಸರಿಮಾಡಿಸಿ, ಎರಡೂ ಬ್ರೇಕು ಒತ್ತಿ ನೋಡಿ, ಪಂಪು ಮತ್ತು ಪಂಕ್ಚರ್ ಸಾಮಾನು ಇದೆಯಾ ಕೇಳಿ. ಆ ಕಡೆ ಮುಳ್ಳಿನ ಬೇಲಿ ಜಾಸ್ತಿ.

ಕಿವು ದಂಡೆಯ ಕಾಂಗೊ–ನೈಲ್ ಟ್ರೇಲ್ ಬಗ್ಗೆ ಕೇಳಿರಬಹುದು. ರುಬಾವುನಿಂದ ರುಸಿಜಿವರೆಗೆ 227 ಕಿಲೋಮೀಟರ್. ಪೂರ್ತಿ ಏರಿಳಿತ. ಬೆಂಗಳೂರಿನಿಂದ ನಂದಿ ಬೆಟ್ಟಕ್ಕೆ ಆಗಾಗ ತುಳಿಯುವವರಾದರೆ ಅದರ ಒಂದು ತುಂಡನ್ನು ಆರಿಸಿಕೊಳ್ಳಿ. ಉಳಿದವರಿಗೆ ಅದು ವಿಹಾರವಲ್ಲ, ಶಿಕ್ಷೆ.

ಎಲ್ಲಿಗೆ ಯಾವುದು

ನನ್ನ ಮೊದಲ ಓಟು ಕುಮಿಗೆ. ಪೂರ್ವ ಉಗಾಂಡಾದಲ್ಲಿ ಎಂಬಾಲೆಯಿಂದ ಸೊರೊಟಿಗೆ ಹೋಗುವ ರಸ್ತೆಯಲ್ಲಿರುವ ಸಣ್ಣ ಊರು. ಇದು ಟೆಸೊ ಜನರ ಸೀಮೆ. ನೆಲ ಅಗಲಕ್ಕೆ ಚಪ್ಪಟೆ, ನಡುನಡುವೆ ಎದ್ದು ನಿಂತ ಕಲ್ಲುಬಂಡೆಗಳು. ಚಿತ್ರದುರ್ಗದ ಕಡೆಯವರಿಗೆ ನಮ್ಮೂರಿನ ಹಾಗೇ ಇದೆಯಲ್ಲ ಅನ್ನಿಸುತ್ತದೆ. ಕುಮಿಯಿಂದ ಎಂಟು ಹತ್ತು ಕಿಲೋಮೀಟರ್ ದೂರದಲ್ಲಿ ನ್ಯೇರೊ ಇದೆ. ಅಲ್ಲಿ ಬಂಡೆಗಳ ಮರೆಯಲ್ಲಿ ಪ್ರಾಚೀನ ಚಿತ್ರಗಳಿವೆ. ಕೆಂಪು ಬಣ್ಣದಲ್ಲಿ ಒಂದರೊಳಗೊಂದು ಬರೆದ ವೃತ್ತಗಳು, ದೋಣಿಯಂಥ ಆಕಾರಗಳು. ಬರೆದವರು ಈಗಿನ ಟೆಸೊ ಜನರಲ್ಲ, ಅವರಿಗಿಂತ ಮೊದಲು ಅಲ್ಲಿದ್ದ ಬೇಟೆಗಾರರು ಎನ್ನುತ್ತಾರೆ. ಯುನೆಸ್ಕೊದ ತಾತ್ಕಾಲಿಕ ಪಟ್ಟಿಯಲ್ಲಿ ಈ ಜಾಗದ ಹೆಸರಿದೆ. ಇಷ್ಟಾದರೂ ಜನಜಂಗುಳಿ ಇಲ್ಲ.

ಸೈಕಲ್ ಟ್ಯಾಕ್ಸಿಗೆ ಇದು ಹೇಳಿ ಮಾಡಿಸಿದ ದೂರ. ಒಂದು ಗಂಟೆಯ ಆಸುಪಾಸಿನಲ್ಲಿ ಮುಟ್ಟುತ್ತೀರಿ. ಬಂಡೆ ಹತ್ತಿ ಸುತ್ತಾಡಲು ಇನ್ನೊಂದು ಗಂಟೆ ಬೇಕು. ಅಷ್ಟು ಹೊತ್ತು ಸವಾರ ಮರದ ಕೆಳಗೆ ಕೂತು ಕಾಯುತ್ತಾನೆ. ದಾರಿಯುದ್ದಕ್ಕೂ ಮಾವು, ಕಿತ್ತಳೆ, ಮರಗೆಣಸು, ಜೋಳ. ಮತ್ತೆ ರಾಗಿ. ಹೌದು, ರಾಗಿಯೇ. ಈ ಧಾನ್ಯದ ತವರು ಇಥಿಯೋಪಿಯಾದಿಂದ ಉಗಾಂಡಾವರೆಗಿನ ಎತ್ತರದ ನೆಲ. ನಮ್ಮ ಕಡೆಗೆ ಅದು ಬಂದದ್ದು ಸಾವಿರಾರು ವರ್ಷಗಳ ಹಿಂದೆ, ಆಫ್ರಿಕಾದಿಂದಲೇ. ಕುಮಿಯ ಸಣ್ಣ ಹೋಟೆಲಿನಲ್ಲಿ ಅಟಪ್ ಕೇಳಿ. ರಾಗಿ ಹಿಟ್ಟಿನದು, ಹಲವು ಸಲ ಮರಗೆಣಸಿನ ಹಿಟ್ಟನ್ನೂ ಬೆರೆಸಿರುತ್ತಾರೆ. ಮುದ್ದೆ ತಿಂದು ಬೆಳೆದವರು ಕೈ ಹಾಕಿದ ಕೂಡಲೇ ಹೋಟೆಲಿನವರ ಮುಖ ಅರಳುತ್ತದೆ. ಆದರೆ ಅಲ್ಲಿ ನುಂಗುವುದಿಲ್ಲ, ಅಗಿಯುತ್ತಾರೆ. ಮಂಡ್ಯದವರು ಬೇಕಾದರೆ ವಾದ ಮಾಡಿ. ಅದೇ ರಾಗಿಯಿಂದ ಅಜೋನ್ ಅನ್ನುವ ಬಿಯರೂ ಮಾಡುತ್ತಾರೆ. ಮಧ್ಯೆ ಮಡಕೆ ಇಟ್ಟು, ಸುತ್ತ ಕೂತು, ಉದ್ದನೆಯ ಕೊಳವೆಗಳಿಂದ ಎಲ್ಲರೂ ಹೀರುತ್ತಾರೆ. ಕರೆದರೆ ಕೂರಿ. ಆದರೆ ನಿಮ್ಮ ಸವಾರನೂ ಕೂತರೆ ವಾಪಸ್ ಬರಲು ಬೇರೆ ಸೈಕಲ್ ನೋಡಿಕೊಳ್ಳಿ.

ಇಲ್ಲಿಗೆ ಬೈಕಿನಲ್ಲೂ ಹೋಗಬಹುದು. ಕಾಲು ಗಂಟೆಯಲ್ಲಿ ಮುಟ್ಟಿ, ಚಿತ್ರ ನೋಡಿ, ವಾಪಸ್ ಬಂದುಬಿಡಬಹುದು. ಅದಕ್ಕೇ ಬೇಡ ಅನ್ನುವುದು.

ಎರಡನೆಯದು ಕಿಸುಮು, ವಿಕ್ಟೋರಿಯಾ ಸರೋವರದ ಕೆನ್ಯಾ ದಂಡೆ. ನೈರೋಬಿಯಿಂದ ವಿಮಾನವೂ ಇರುವುದರಿಂದ ಸಫಾರಿಗೆ ಬಂದವರಿಗೆ ತಲುಪಲು ಇದೇ ಸುಲಭ. ಊರೊಳಗೆ ಈಗ ಬೈಕು ಮತ್ತು ಆಟೊಗಳದ್ದೇ ಕಾರುಬಾರು. ಆಟೊಗೆ ಅಲ್ಲಿ ಟುಕ್‌ಟುಕ್ ಅನ್ನಬೇಕು. ಡುಂಗಾ ಅನ್ನುವ ಮೀನುಗಾರರ ಹಳ್ಳಿ ಊರಿನ ಮಧ್ಯದಿಂದ ಸುಮಾರು 5 ಕಿಲೋಮೀಟರ್. ಪಪೈರಸ್ ಜೊಂಡು, ಹಕ್ಕಿಗಳು, ಇಡಿಯಾಗಿ ಕರಿದ ತಿಲಾಪಿಯಾ ಮೀನು. ಸೈಕಲ್ ಸಿಕ್ಕರೆ ಬಹಳ ಒಳ್ಳೆಯದು, ಸಿಗದಿದ್ದರೆ ಟುಕ್‌ಟುಕ್ ಹಿಡಿದರೂ ನಷ್ಟವಿಲ್ಲ.

ಕಿಸುಮುವಿನಲ್ಲಿ ನನಗೆ ಜಾಸ್ತಿ ಇಷ್ಟವಾಗುವುದು ಪೂರ್ವದ ಕಾನೊ ಬಯಲು. ನೈರೋಬಿ ರಸ್ತೆಯಲ್ಲಿ ಮಟಾಟು ಹಿಡಿದು ಅಹೇರೊವರೆಗೆ ಹೋಗಿ. ಇಪ್ಪತ್ತು ಕಿಲೋಮೀಟರ್ ಮೇಲೆ ಸ್ವಲ್ಪ. ಅಲ್ಲಿ ನೀರಾವರಿ ಭತ್ತದ ಗದ್ದೆಗಳಿವೆ, ಕಾಲುವೆ ಏರಿ ಮೇಲೆ ಮಟ್ಟಸ ದಾರಿ. ಗಂಗಾವತಿ ಕಡೆಯವರಿಗೆ ಹೊಸದೇನೂ ಅನ್ನಿಸದಿರಬಹುದು, ಕೊಕ್ಕರೆ ಜಾತಿಯ ಹಕ್ಕಿಗಳಿಗಾಗಿ ಆದರೂ ಹೋಗಿ. ಉತ್ತರಕ್ಕೆ ನಂದಿ ಗುಡ್ಡಗಳ ಗೋಡೆ ಕಾಣುತ್ತದೆ. ಅದು ನಮ್ಮ ನಂದಿಯಲ್ಲ, ಅಲ್ಲಿನ ಒಂದು ಬುಡಕಟ್ಟಿನ ಹೆಸರು. ಹತ್ತಿರದಲ್ಲೇ ಕಬ್ಬಿನ ಸೀಮೆ. 1901ರಲ್ಲಿ ರೈಲು ಕಿಸುಮು ಮುಟ್ಟಿದ ಮೇಲೆ ಭಾರತೀಯರು ಈ ಕಡೆ ನೆಲ ಹಿಡಿದು ಬೇಸಾಯ ಮಾಡಿದರು. ಮಿವಾನಿಯಲ್ಲಿ 1920ರ ದಶಕದಲ್ಲೇ ಸಕ್ಕರೆ ಕಾರ್ಖಾನೆ ಬಂತು.

ಕಿಸುಮುವಿನಿಂದ ಕಿಟ್ ಮಿಕಾಯಿ ಬಂಡೆಗೆ ಹೋಗುವುದಾದರೆ ಸೈಕಲ್ ಬೇಡ. ಬೊಂಡೊ ರಸ್ತೆಯಲ್ಲಿ ಸುಮಾರು 29 ಕಿಲೋಮೀಟರ್, ಟಾರಿನ ಮೇಲೆ. ಮಟಾಟು ಹಿಡಿಯಿರಿ, ಕೊನೆಯ ತುಂಡಿಗೆ ಬೈಕು.

ರುವಾಂಡಾ ಬೇರೆಯದೇ ಲೋಕ. ಎಲ್ಲದಕ್ಕೂ ನಿಯಮ. ಸೈಕಲ್ ಟ್ಯಾಕ್ಸಿಯವರಿಗೆ ಸಹಕಾರ ಸಂಘ, ನಂಬರ್ ಬರೆದ ಜಾಕೆಟ್. ಕಿಗಾಲಿಯ ಮುಖ್ಯ ರಸ್ತೆಗಳಿಗೆ ಅವರು ಬರುವಂತಿಲ್ಲ. ಕತ್ತಲಾದ ಮೇಲೆ ಓಡಿಸಿದರೆ ಪೊಲೀಸರು ಹಿಡಿಯುತ್ತಾರೆ. ವಾಹನಗಳು ಬಲಗಡೆ ಓಡುತ್ತವೆ, ರಸ್ತೆ ದಾಟುವಾಗ ನೆನಪಿರಲಿ. ಗುಡ್ಡಗಳ ದೇಶವಾದರೂ ಕಿಗಾಲಿಯ ದಕ್ಷಿಣಕ್ಕೆ ಬುಗೆಸೆರಾ ಸೀಮೆ ಮಟ್ಟಸ, ನಡುವೆ ಸಣ್ಣ ಸರೋವರಗಳು. ಸೈಕಲ್ಲುಗಳೂ ಜಾಸ್ತಿ. ಅಲ್ಲಿನ ನ್ಯಾಮಾಟಾದ ಚರ್ಚು 1994ರ ನರಮೇಧದ ಸ್ಮಾರಕ. 2023ರಲ್ಲಿ ಯುನೆಸ್ಕೊ ಪಟ್ಟಿಗೆ ಸೇರಿತು. ಆ ದಿನ ಬೇರೆ ಸುತ್ತಾಟ ಇಟ್ಟುಕೊಳ್ಳಬೇಡಿ. ಸ್ಮಾರಕ ನೋಡಿ ಬಂದು ಸೈಕಲ್ಲಿನಲ್ಲಿ ನಗುತ್ತಾ ಹೋಗುವ ಮನಸ್ಸು ಇರುವುದಿಲ್ಲ.

ಗೊರಿಲ್ಲಾ ನೋಡಲು ಮುಸಾಂಜೆಗೆ ಹೋಗುವವರಿಗೆ ಊರಿನ ಆಸುಪಾಸಿಗೆ ಸೈಕಲ್ ಸಾಕು. ಜ್ವಾಲಾಮುಖಿ ಕಲ್ಲಿನ ಗುಹೆಗಳು ಊರಿಗೆ ಹತ್ತಿರವೇ ಇವೆ. ಗೊರಿಲ್ಲಾ ಚಾರಣ ಶುರುವಾಗುವ ಕಿನಿಗಿ ಕಡೆ ಏರು, ಅವಳಿ ಸರೋವರಗಳ ಕಡೆಯೂ ಏರು, ಎರಡಕ್ಕೂ ಬೈಕೇ ಸರಿ. ಏರಿನಲ್ಲಿ ಲಾರಿಯ ಹಿಂದೆ ಒಂದು ಕೈಯಲ್ಲಿ ಜೋತುಕೊಂಡು ಹೋಗುವ ಸೈಕಲ್ಲಿನವರನ್ನು ಕಾಣುತ್ತೀರಿ. ನಿಮ್ಮ ಸವಾರ ಆ ಕಡೆ ಕೈ ಚಾಚಿದರೆ ಜೋರಾಗಿ ಬೇಡ ಅನ್ನಿ. ಈ ದೇಶದವರ ಸೈಕಲ್ ಹುಚ್ಚು ಸುಮ್ನೆ ಬಂದದ್ದಲ್ಲ. ಬದುಕಿಗಾಗಿ ತುಳಿದ ಕಾಲುಗಳೇ ರೇಸಿಗೂ ಬಂದವು. 2025ರ ಸೆಪ್ಟೆಂಬರಿನಲ್ಲಿ ವಿಶ್ವ ರಸ್ತೆ ಸೈಕ್ಲಿಂಗ್ ಚಾಂಪಿಯನ್‌ಷಿಪ್ ಕಿಗಾಲಿಯಲ್ಲಿ ನಡೆಯಿತು. ಆಫ್ರಿಕಾ ಖಂಡದಲ್ಲಿ ಅದೇ ಮೊದಲು.

ಜಿಂಜಾ ಬಗ್ಗೆ ಎರಡೇ ಮಾತು. ನೈಲ್ ನದಿ ವಿಕ್ಟೋರಿಯಾ ಸರೋವರದಿಂದ ಹೊರಬೀಳುವ ಜಾಗ, ಗಾಂಧೀಜಿಯವರ ಚಿತಾಭಸ್ಮದ ಒಂದು ಭಾಗವನ್ನು 1948ರಲ್ಲಿ ಬಿಟ್ಟ ಜಾಗವೂ ಅದೇ. ಅವರ ಪ್ರತಿಮೆ ಇದೆ. ಇಲ್ಲಿ ಸೈಕಲ್ ಟ್ಯಾಕ್ಸಿಗಿಂತ ಗೈಡ್ ಜೊತೆ ಬಾಡಿಗೆ ಸೈಕಲ್ ಒಳ್ಳೆಯದು, ನದಿ ದಂಡೆಯ ಹಳ್ಳಿಗಳವರೆಗೆ ಹೋಗಬಹುದು. ಮ್ಟೊ ವಾ ಮ್ಬು ಕೂಡ ಹಾಗೇ. ಮನ್ಯಾರಾ, ನ್ಗೊರೊಂಗೊರೊ ದಾರಿಯಲ್ಲೇ ಸಿಗುವ ಊರು, ಬಾಳೆ ತೋಟ, ಭತ್ತದ ಗದ್ದೆ, ಮಟ್ಟಸ ನೆಲ. ಸಫಾರಿ ವೇಳಾಪಟ್ಟಿಯಲ್ಲಿ ಅರ್ಧ ದಿನ ಮಾತ್ರ ಇದ್ದರೆ ಇದನ್ನೇ ಆರಿಸಿ.

ದರ, ಮಾತು, ಮರ್ಯಾದೆ

ಸೈಕಲ್ಲಿನವರು ಸಂತೆ ಬಾಗಿಲಲ್ಲೋ ಕೂಡುರಸ್ತೆಯ ಮರದ ಕೆಳಗೋ ಸಾಲಾಗಿ ನಿಂತಿರುತ್ತಾರೆ. ಆ ಜಾಗಕ್ಕೆ ಸ್ಟೇಜ್ ಅನ್ನುತ್ತಾರೆ. ದೊಡ್ಡ ಸ್ಟೇಜಿಗೆ ಒಬ್ಬ ಚೇರ್ಮನ್ನೂ ಇರುತ್ತಾನೆ. ಅವನನ್ನೇ ಮಾತಾಡಿಸಿ, ಇಂಥ ಕಡೆ ಹೋಗಿ ಇಷ್ಟು ಹೊತ್ತು ಕಾದು ವಾಪಸ್ ಬರಬೇಕು ಎಂದು ಹೇಳಿ. ಗಟ್ಟಿ ಸೈಕಲ್ ಇರುವ ಒಬ್ಬನನ್ನು ತೋರಿಸುತ್ತಾನೆ. ಹೊರಡುವ ಮೊದಲೇ ದರ ಮುಗಿಸಿಕೊಳ್ಳಿ. ಊರಿನವರು ಕೊಡುವ ದರ ಎಷ್ಟು ಎಂದು ಉಳಿದುಕೊಂಡ ಹೋಟೆಲಿನಲ್ಲಿ ಕೇಳಿಕೊಂಡಿರಿ.

ಒಂದು ಸಲದ ಸವಾರಿಗೆ ಸೈಕಲ್ಲಿನ ದರ ಬೈಕಿಗಿಂತ ಕಡಿಮೆ. ಆದರೆ ಅರ್ಧ ದಿನಕ್ಕೆ ಕರೆದುಕೊಂಡು ಹೋದರೆ ಬೈಕಿನಷ್ಟೇ ಕೊಡಿ, ಇನ್ನೂ ಸ್ವಲ್ಪ ಮೇಲೆ ಕೊಟ್ಟರೂ ಅನ್ಯಾಯವೇನಿಲ್ಲ. ಅಲ್ಲಿ ಪೆಟ್ರೋಲು ಉರಿಯುತ್ತದೆ, ಇಲ್ಲಿ ಮನುಷ್ಯ. ಕಾದ ಹೊತ್ತಿಗೂ ಲೆಕ್ಕ ಹಾಕಿ, ಊಟವನ್ನೂ ಕೊಡಿಸಿ. ದುಡ್ಡು ಕೊಡುವುದು ನೀವು ವಾಪಸ್ ಬಂದ ಮೇಲೆ. ಕೆನ್ಯಾದಲ್ಲಿ ಫೋನಿನಿಂದ ದುಡ್ಡು ಕಳಿಸುವ ಎಂ-ಪೆಸಾ ನಡೆಯುತ್ತದೆ, ಆದರೂ ಚಿಲ್ಲರೆ ನೋಟು ಜೇಬಿನಲ್ಲಿರಲಿ.

ಇನ್ನೊಬ್ಬರ ಬೆನ್ನಿನ ಬೆವರು ನೋಡುತ್ತಾ ನಾವು ವಿಹಾರ ಹೋಗುವುದು ಸರಿಯಾ ಎಂದು ಕೆಲವರಿಗೆ ಕಸಿವಿಸಿ. ಆ ಕಸಿವಿಸಿಯಿಂದ ನೀವು ಬೈಕು ಹತ್ತಿದರೆ ಸೈಕಲ್ಲಿನವನಿಗೆ ಅವತ್ತಿನ ಸಂಪಾದನೆ ಹೋಯಿತು, ಅಷ್ಟೇ. ಏರು ಬಂದಾಗ ಅವನು ಹೇಳುವ ಮೊದಲೇ ಇಳಿಯಿರಿ. ತೂಕ 85–90 ಕಿಲೋ ದಾಟಿದ್ದರೆ ಮಾತ್ರ ನೇರವಾಗಿ ಬೈಕು ಹಿಡಿಯಿರಿ. ಕ್ಯಾರಿಯರಿಗೂ ಒಂದು ಮಿತಿ ಇದೆ.

ನಾಲ್ಕು ಮಾತು ಕಲಿತಿದ್ದರೆ ಸಾಕು. ನಿಧಾನ ಅನ್ನಲು ಸ್ವಾಹಿಲಿಯಲ್ಲಿ ಪೋಲೆಪೋಲೆ, ಲುಗಾಂಡಾದಲ್ಲಿ ಎಂಪೋಲ ಎಂಪೋಲ, ರುವಾಂಡಾದಲ್ಲಿ ಬುಹೋರೊ ಬುಹೋರೊ. ಇಲ್ಲಿ ಇಳಿಯುತ್ತೇನೆ ಅನ್ನಲು ನಶುಕಾ ಹಾಪಾ. ಟೆಸೊ ಕಡೆ ಎದುರು ಸಿಕ್ಕವರಿಗೆ ಯೋಗಾ ಅನ್ನಿ, ಅದು ನಮಸ್ಕಾರ. ಇಷ್ಟರ ಮೇಲೆ ಇಂಗ್ಲಿಷ್ ನಡೆಯುತ್ತದೆ.

ಯಾವಾಗ, ಯಾರ ಜೊತೆ

ಬೆಳಿಗ್ಗೆ ಏಳಕ್ಕೆ ಹೊರಟುಬಿಡಿ. ಸಮಭಾಜಕದ ಬಿಸಿಲು ಹತ್ತರ ಮೇಲೆ ನೆತ್ತಿ ಸುಡುತ್ತದೆ. ಸರೋವರದ ಸುತ್ತ ಮಧ್ಯಾಹ್ನದ ಮೇಲೆ ಗುಡುಗು ಮಳೆ ಬರುವುದು ಮಾಮೂಲು. ಮರ್ರಮ್ ಒದ್ದೆಯಾದರೆ ಸಾಬೂನಿನಂತೆ ಜಾರುತ್ತದೆ, ಆಗ ಸೈಕಲ್ಲೂ ಬೇಡ ಬೈಕೂ ಬೇಡ. ಮಾರ್ಚ್‌ನಿಂದ ಮೇ ದೊಡ್ಡ ಮಳೆ, ಅಕ್ಟೋಬರ್ ನಂತರ ಸಣ್ಣ ಮಳೆ. ಕೆನ್ಯಾ, ರುವಾಂಡಾಗಳಿಗೆ ಜೂನ್‌ನಿಂದ ಸೆಪ್ಟೆಂಬರ್, ಇಲ್ಲವೇ ಜನವರಿ–ಫೆಬ್ರವರಿ ಒಳ್ಳೆಯದು. ಟೆಸೊ ಸೀಮೆಗೆ ಡಿಸೆಂಬರ್‌ನಿಂದ ಫೆಬ್ರವರಿ ಒಣ ಕಾಲ, ಸೆಕೆ ಮಾತ್ರ ಜೋರು.

ಅಪ್ಪ ಅಮ್ಮ ಜೊತೆಗಿದ್ದರೆ ಎರಡು ಚಕ್ರದ ಯೋಚನೆ ಬಿಡಿ. ಟುಕ್‌ಟುಕ್ ಇಲ್ಲವೇ ಕಾರು ಮಾಡಿ, ಕೊನೆಯ ಅರ್ಧ ಕಿಲೋಮೀಟರ್ ಸೈಕಲ್ ಮೇಲೆ ಕೂರಿಸಿ ಫೋಟೊ ತೆಗೆಯಿರಿ. ಸಣ್ಣ ಮಕ್ಕಳನ್ನು ಸವಾರನಿಗೂ ನಿಮಗೂ ನಡುವೆ ಒತ್ತಿ ಕೂರಿಸುವುದು ಅಲ್ಲಿ ದಿನವೂ ನಡೆಯುತ್ತದೆ, ನೀವು ಮಾಡಬೇಡಿ. ಗಂಡ ಹೆಂಡತಿ ಇಬ್ಬರಾದರೆ ಎರಡು ಸೈಕಲ್. ಒಂಟಿಯಾಗಿ ಹೋಗುವ ಹೆಣ್ಣುಮಕ್ಕಳು ಹೋಟೆಲಿನವರಿಗೆ ಗೊತ್ತಿರುವ ಸವಾರನನ್ನೇ ಕರೆಸಿಕೊಳ್ಳಿ, ಕತ್ತಲಾಗುವ ಮೊದಲು ವಾಪಸ್ ಬನ್ನಿ. ರುವಾಂಡಾದ ಗಡಿಯಾರ ಉಗಾಂಡಾ, ಕೆನ್ಯಾಗಳಿಗಿಂತ ಒಂದು ಗಂಟೆ ಹಿಂದೆ. ಅಲ್ಲಿ ಆರಕ್ಕೆಲ್ಲ ಹೊತ್ತು ಮುಳುಗುತ್ತದೆ.

ಕೊನೆಗೆ ಕಾಗದಪತ್ರ. ಕೆನ್ಯಾ, ಉಗಾಂಡಾ, ರುವಾಂಡಾ ಮೂರಕ್ಕೂ ಸೇರಿ 90 ದಿನದ ಒಂದೇ ವೀಸಾ ಇದೆ, 100 ಡಾಲರ್. ಟಾಂಜಾನಿಯಾ ಅದರಲ್ಲಿಲ್ಲ. ಹಳದಿ ಜ್ವರದ ಲಸಿಕೆಯನ್ನು ಹೊರಡುವುದಕ್ಕೆ ಹತ್ತು ದಿನ ಮೊದಲೇ ಹಾಕಿಸಿ. ಹತ್ತನೇ ದಿನದಿಂದ ಮಾತ್ರ ಆ ಲಸಿಕೆ ಕಾರ್ಡಿಗೆ ಬೆಲೆ. ಕೆನ್ಯಾ, ಉಗಾಂಡಾಗಳಿಂದ ಕಾರ್ಡಿಲ್ಲದೆ ಭಾರತಕ್ಕೆ ವಾಪಸ್ ಬಂದರೆ ಆರು ದಿನದವರೆಗೆ ಕ್ವಾರಂಟೈನಿನಲ್ಲಿ ಇರಿಸಬಹುದು. ಹಾಗಾಗಿ ಅದನ್ನು ಚೆಕ್-ಇನ್ ಬ್ಯಾಗಿಗೆ ಹಾಕಬೇಡಿ, ಪಾಸ್‌ಪೋರ್ಟ್ ಜೊತೆಗೇ ಇಟ್ಟುಕೊಳ್ಳಿ.